ಕರೆಂಟ್ ಹೋದರೂ ಅಳಿಸದ ಬೋರ್ಡ್: ನನ್ನ ಅನುಭವ

ನಮ್ಮೂರ ಬಸ್ ಸ್ಟಾಪಿನಲ್ಲಿ ಬಸ್ಸಿನ ಟೈಮ್ ಬರೆದ ತಗಡಿನ ಬೋರ್ಡ್ ಇತ್ತು. ಟೈಮ್ ಬದಲಾಗುತ್ತಿತ್ತು, ಬೋರ್ಡ್ ಬದಲಾಗುತ್ತಿರಲಿಲ್ಲ. ಎಲ್‌ಇಡಿ ಹಾಕೋಣ ಅಂದರೆ ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ನಂಬೋ ಹಾಗಿಲ್ಲ. ಅದಕ್ಕೇ ಇ-ಪೇಪರ್ ಹಿಡಿದು ಕೂತೆ.

ಪುಸ್ತಕ ಓದುವ ಸಾಧನವಾದ ಕಿಂಡಲ್‌ನಲ್ಲಿರುವ ಪರದೆಯೇ ಇದು. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳು, ಅವುಗಳಲ್ಲಿ ಕಪ್ಪು, ಬಿಳಿ ಕಣಗಳು. ಒಂದಕ್ಕೆ ಪ್ಲಸ್ ಚಾರ್ಜ್, ಇನ್ನೊಂದಕ್ಕೆ ಮೈನಸ್. ವೋಲ್ಟೇಜ್ ಕೊಟ್ಟಾಗ ಒಂದು ಮೇಲೆ ಬರುತ್ತದೆ, ಇನ್ನೊಂದು ತಳಕ್ಕಿಳಿಯುತ್ತದೆ, ಆಮೇಲೆ ಕರೆಂಟ್ ತೆಗೆದರೂ ಅಲ್ಲೇ ಕೂತಿರುತ್ತವೆ. ಬಿಸಿಲು ಜಾಸ್ತಿ ಆದಷ್ಟೂ ಅಕ್ಷರ ಇನ್ನೂ ಚೆನ್ನಾಗಿ ಕಾಣುತ್ತದೆ. ಲಂಡನ್ನಿನ ಬಸ್ ಸ್ಟಾಪುಗಳಲ್ಲೂ ಸೋಲಾರ್ ಜೊತೆ ಇದನ್ನು ಹಾಕಿ ನೋಡಿದ್ದಾರೆ.

ನಾನು ತಂದದ್ದು 7.5 ಇಂಚಿನ ಪರದೆ, 800ಕ್ಕೆ 480 ಚುಕ್ಕೆ. ಜೊತೆಗೆ ಇಎಸ್‌ಪಿ32 ಅನ್ನೋ ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್, 18650 ಅನ್ನೋ ಒಂದು ರೀಚಾರ್ಜ್ ಸೆಲ್, ಅಂಗೈಯಗಲದ ಸೋಲಾರ್ ಪ್ಲೇಟ್. ಜೋಡಿಸಿದ್ದು ಒಂದೇ ಸಂಜೆ.

ಸತಾಯಿಸಿದ್ದು ಕನ್ನಡ. ‘ತೀರ್ಥಹಳ್ಳಿ’ ಅಂತ ಕಳಿಸಿದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ! ದೀರ್ಘ ಒಂದು ಕಡೆ, ಅರ್ಕಾವತ್ತಿನ ಜಾಗದಲ್ಲಿ ಬರೀ ‘ರ’, ‘ಳ’ಕ್ಕೆ ಒತ್ತೇ ಇಲ್ಲ. ನಾನು ಬಳಸಿದ ಲೈಬ್ರರಿಗೆ, ಅಂದರೆ ಪರದೆ ಮೇಲೆ ಅಕ್ಷರ ಮೂಡಿಸುವ ಸಿದ್ಧ ಪ್ರೋಗ್ರಾಮಿಗೆ, ಒಂದೊಂದೇ ಅಕ್ಷರ ಸಾಲಾಗಿ ಇಡುವುದು ಗೊತ್ತು, ಒತ್ತು ಕಟ್ಟುವುದು ಗೊತ್ತಿಲ್ಲ. ಹಾಗಂತ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಲು ಮನಸ್ಸು ಒಪ್ಪಲಿಲ್ಲ. ಓದುವವರು ನಮ್ಮೂರವರು ಅಲ್ವಾ? ಕೊನೆಗೆ ಮನೆಯ ಕಂಪ್ಯೂಟರಿನಲ್ಲೇ ನೋಟೊ ಅನ್ನೋ ಕನ್ನಡ ಫಾಂಟ್‌ನಲ್ಲಿ ಪೂರ್ತಿ ಪುಟವನ್ನು ಚಿತ್ರ ಮಾಡಿದೆ. ಒಂದು ಚುಕ್ಕೆಗೆ ಒಂದು ಬಿಟ್, ಒಟ್ಟು 48,000 ಬೈಟ್. ಬೋರ್ಡ್ ಗಂಟೆಗೊಮ್ಮೆ ಎದ್ದು ಎದುರಿನ ಅಂಗಡಿಯ ವೈಫೈ ಹಿಡಿದು ಆ ಚಿತ್ರ ಇಳಿಸಿಕೊಂಡು ಮತ್ತೆ ಮಲಗುತ್ತದೆ.

ರಾತ್ರಿ ಇದಕ್ಕೆ ಸ್ವಂತ ಬೆಳಕಿಲ್ಲ, ಬೀದಿದೀಪವೇ ಗತಿ.

ಇನ್ನೊಂದು ವಿಷಯ ನನಗೆ ಮೊದಲು ಹೊಳೆದೇ ಇರಲಿಲ್ಲ. ಜುಲೈನಲ್ಲಿ ನಾಲ್ಕು ದಿನ ಬಿಸಿಲೇ ಬರದೆ ಸೆಲ್ ಖಾಲಿಯಾಯಿತು, ಆದರೆ ಪರದೆ ಮೇಲೆ ಹಳೇ ಟೈಮ್ ಹಾಗೇ ನಿಂತಿತ್ತು. ಒಬ್ಬ ಅಜ್ಜಿ ಅದನ್ನೇ ನಂಬಿ ಮಳೆಯಲ್ಲಿ ಒಂದು ಗಂಟೆ ಕಾದರಂತೆ. ಕೇಳಿ ತುಂಬಾ ಬೇಜಾರಾಯಿತು. ಎಲ್‌ಇಡಿ ಆಗಿದ್ದರೆ ಆರಿ ಹೋಗಿ ಕೆಟ್ಟಿದೆ ಅಂತ ತಿಳಿಯುತ್ತಿತ್ತು. ಈಗ ಮೇಲ್ಗಡೆ ದೊಡ್ಡದಾಗಿ ಆ ದಿನದ ತಾರೀಕು ಬರುತ್ತದೆ. ಸೆಲ್ 3.4 ವೋಲ್ಟಿಗೆ ಇಳಿದರೆ ಅಥವಾ ಆರು ಗಂಟೆ ಕಾಲ ವೈಫೈ ಸಿಗದಿದ್ದರೆ, ಬೋರ್ಡ್ ತಾನೇ ಟೈಮ್ ಎಲ್ಲ ಅಳಿಸಿ ‘ಅಂಗಡಿಯಲ್ಲಿ ವಿಚಾರಿಸಿ’ ಅಂತ ಬರೆದು ಮಲಗುತ್ತದೆ.