ಮೈದಾನದಲ್ಲೊಬ್ಬ ಮೆಂಟರ್: ಮಕ್ಕಳ ಮನಸ್ಸಿಗೆ ಆಸರೆಯಾಗುವ ತಂಡ ಕಟ್ಟುವುದು ಹೇಗೆ?

‘ಆಟ ಆಡಿದರೆ ಮನಸ್ಸು ಹಗುರ ಆಗುತ್ತೆ’ ಅನ್ನುತ್ತಾರೆ. ಅದು ಅರ್ಧ ನಿಜ. ಮೈ ಬೆವರಿದರೆ ನಿದ್ದೆ ಚೆನ್ನಾಗಿ ಬರುತ್ತದೆ, ಆತಂಕವೂ ತಗ್ಗುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ತಪ್ಪು ಮಾಡಿದಾಗಲೆಲ್ಲ ಬೈಸಿಕೊಳ್ಳುವ, ವಾರಗಟ್ಟಲೆ ಬೆಂಚಿನಲ್ಲೇ ಕೂರುವ ಹುಡುಗನಿಗೆ ಆಟವೂ ಇನ್ನೊಂದು ಪರೀಕ್ಷೆಯೇ. ಉಳಿದರ್ಧ ಇರುವುದು ಮೈದಾನದಲ್ಲಿ ಅವನ ಜೊತೆ ನಿಲ್ಲುವ ದೊಡ್ಡವರ, ಅಂದರೆ ಮೆಂಟರ್‌ಗಳ ಕೈಯಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19 ವರ್ಷದ ಪ್ರತಿ 7 ಮಂದಿಯಲ್ಲಿ ಒಬ್ಬರಿಗೆ ಯಾವುದಾದರೂ ಮಾನಸಿಕ ತೊಂದರೆ ಇರುತ್ತದೆ. ಅಂದರೆ ನಿಮ್ಮ 20 ಮಕ್ಕಳ ತಂಡದಲ್ಲಿ ಇಬ್ಬರೋ ಮೂವರೋ ಇರಬಹುದು. ಯಾರೆಂದು ಮುಖ ನೋಡಿ ಹೇಳಲು ಆಗುವುದಿಲ್ಲ. ಹಾಗಾಗಿ ತಂಡವನ್ನು ಎಲ್ಲರಿಗೂ ಒಗ್ಗುವ ಹಾಗೆ ಕಟ್ಟುವುದೇ ಜಾಣತನ.

ಮೊದಲು ಜನ, ಆಮೇಲೆ ಚೆಂಡು

ಮೆಂಟರ್ ಆಗುವವರು ಒಳ್ಳೆಯ ಆಟಗಾರರೇ ಆಗಿರಬೇಕಿಲ್ಲ. ಹೇಳಿದ ದಿನ, ಹೇಳಿದ ಹೊತ್ತಿಗೆ ಬರುವವರಾಗಿರಬೇಕು. ಕೇಳುವಾಗಲೇ ‘ಒಂದು ವರ್ಷ ಇರ್ತೀರಾ?’ ಅಂತ ಖಡಾಖಂಡಿತ ಕೇಳಿ. ಅಮೆರಿಕದ ಮೆಂಟರಿಂಗ್ ಜೋಡಿಗಳ (ಒಂದು ಮಗು, ಒಬ್ಬ ಮೆಂಟರ್) ಬಗ್ಗೆ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಹೇಳುತ್ತದೆ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಉಳಿದ ಸಂಬಂಧಗಳಿಂದ ಮಕ್ಕಳಿಗೆ ಅತಿ ಹೆಚ್ಚು ಲಾಭ ಆಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಕಡೆ ಮಕ್ಕಳ ಆತ್ಮವಿಶ್ವಾಸ ಮೊದಲಿಗಿಂತ ಕುಸಿದಿತ್ತು. ಎರಡು ತಿಂಗಳ ಉತ್ಸಾಹ ತೋರಿಸಿ ಮಾಯವಾಗುವವರಿಗೆ ಚೆಂಡು, ನೆಟ್ ಕೊಡಿಸುವ ಕೆಲಸ ಒಪ್ಪಿಸಿ, ಅದೂ ಬೇಕಾದದ್ದೇ.

ಜೊತೆಗೆ ಕೆಲವು ನಿಯಮ ಬರೆದಿಡಿ: ಮೆಂಟರ್‌ಗಳ ಹಿನ್ನೆಲೆ ವಿಚಾರಿಸುವುದು, ಮನೆಯವರ ಒಪ್ಪಿಗೆ ಪಡೆಯುವುದು, ಮಗುವಿನ ಜೊತೆ ಮಾತಾಡುವುದೇನಿದ್ದರೂ ನಾಲ್ಕು ಜನರಿಗೆ ಕಾಣುವ ಜಾಗದಲ್ಲೇ. ಇದರಲ್ಲಿ ಮುಲಾಜು ಬೇಡ.

ಯಾವ ಆಟ?

ಮಕ್ಕಳನ್ನೇ ಕೇಳಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ಯಾವ ಆಟದಿಂದ ಬಂದರೂ ಸರಿ. ತಂಡದ ಆಟ ಇದ್ದರೆ ಒಂದು ಅನುಕೂಲ ಇದೆ, ಮಾತು ತಾನಾಗಿಯೇ ಹುಟ್ಟುತ್ತದೆ.

ಮೊದಲ ಹತ್ತು ನಿಮಿಷ, ಕೊನೆಯ ಹತ್ತು ನಿಮಿಷ

ಬಂದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸಿ. ವಾರ್ಮ್ ಅಪ್ ಮಾಡುವಾಗಲೇ ‘ಇವತ್ತು ಮನಸ್ಸು ಹೇಗಿದೆ, ಹತ್ತಕ್ಕೆ ಎಷ್ಟು?’ ಅಂತ ಕೇಳಬಹುದು. ಬೆರಳು ತೋರಿಸಿದರೆ ಸಾಕು, ಕಾರಣ ಹೇಳಬೇಕಿಲ್ಲ. ಯಾವಾಗಲೂ ಏಳೆಂಟು ತೋರಿಸುವ ಹುಡುಗಿ ಎರಡು ಬೆರಳು ಎತ್ತಿದರೆ ನಿಮಗೆ ಸುದ್ದಿ ಸಿಕ್ಕ ಹಾಗೆ. ಅಲ್ಲೇ ಎಲ್ಲರೆದುರು ‘ಯಾಕೆ, ಏನಾಯ್ತು?’ ಅನ್ನಬೇಡಿ.

ಕೊನೆಗೆ ಕೋನ್ ಎತ್ತಿಡುವಾಗ, ನೆಟ್ ಬಿಚ್ಚುವಾಗ ಅವಳನ್ನು ಜೊತೆಗೆ ಕರೆದುಕೊಳ್ಳಿ. ಹದಿಹರೆಯದವರು ಎದುರು ಬದುರು ಕೂತರೆ ಬಾಯಿ ಬಿಡುವುದು ಕಡಿಮೆ. ಕೈಗೆ ಕೆಲಸ ಇದ್ದು, ಕಣ್ಣು ಬೇರೆಲ್ಲೋ ಇದ್ದರೆ ಮಾತು ಸಲೀಸು. ‘ಇವತ್ತು ಎರಡು ತೋರಿಸಿದೆ, ಅಲ್ವಾ?’ ಅಂದು ಸುಮ್ನೆ ಇರಿ. ಉತ್ತರ ಬಂದರೂ ತಕ್ಷಣ ಬುದ್ಧಿ ಹೇಳಲು ಹೋಗಬೇಡಿ. ‘ನಮ್ಮ ಕಾಲದಲ್ಲಿ...’ ಅಂತ ಶುರುವಾಗುವ ವಾಕ್ಯವನ್ನಂತೂ ನುಂಗಿಬಿಡಿ.

ತಪ್ಪಾದ ಮೇಲಿನ ಮೂರು ಸೆಕೆಂಡ್

ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಕ್ಯಾಚ್ ಕೈಯಿಂದ ಜಾರಿತು ಅಂದುಕೊಳ್ಳಿ. ಹುಡುಗ ಚೆಂಡನ್ನು ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತಾನೆ. ನೀವು ತಲೆ ಚಚ್ಚಿಕೊಂಡರೆ ಅವನಿಗೆ ಉತ್ತರ ಸಿಕ್ಕಿತು. ಮುಂದಿನ ಚೆಂಡು ತನ್ನ ಕಡೆ ಬರದಿರಲಿ ಅಂತ ಹಾರೈಸತೊಡಗುತ್ತಾನೆ.

ಅದರ ಬದಲು, ‘ಓಡಿಬಂದಿದ್ದು ಸರಿಯಾಗಿತ್ತು. ಮುಂದಿನ ಸಲ ಕೈ ಇನ್ನೂ ಸ್ವಲ್ಪ ಮೊದಲೇ ಮೇಲೆ ಬರಲಿ’ ಅನ್ನಿ. ಮಾಡಿದ್ದರಲ್ಲಿ ಸರಿಯಿದ್ದದ್ದು ಒಂದು, ತಿದ್ದಬೇಕಾದದ್ದು ಒಂದು, ಅಷ್ಟೇ. ಸುಳ್ಳು ಹೊಗಳಿಕೆ ಬೇಡ, ಮಕ್ಕಳಿಗೆ ಅದು ಥಟ್ಟನೆ ಗೊತ್ತಾಗುತ್ತದೆ. ಮನೋವಿಜ್ಞಾನಿಗಳಾದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮಾಲ್ ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ಇಂಥದ್ದೇ ತರಬೇತಿ ಕೊಟ್ಟರು. ಅವರು 1992ರಲ್ಲಿ ಸಹೋದ್ಯೋಗಿಯ ಜೊತೆ ಪ್ರಕಟಿಸಿದ ವರದಿಯಂತೆ, ತರಬೇತಿ ಪಡೆದ ಕೋಚ್‌ಗಳ ತಂಡದಿಂದ ಮುಂದಿನ ವರ್ಷ ಆಟ ಬಿಟ್ಟ ಮಕ್ಕಳು ಶೇ 5. ತರಬೇತಿ ಇಲ್ಲದವರ ತಂಡದಲ್ಲಿ ಶೇ 26.

ಮಗು ಆಡದೆ ಕೂರಲು ಬಯಸಿದ ದಿನವೂ ಇದೇ ಲೆಕ್ಕ, ಬೈಯುವುದು ಬೇಡ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಮಾನಸಿಕ ಆರೋಗ್ಯದ ಕಾರಣ ಕೊಟ್ಟು ತಂಡದ ಫೈನಲ್‌ನಿಂದ ಅರ್ಧಕ್ಕೇ ಹಿಂದೆ ಸರಿದರು. 2024ರಲ್ಲಿ ಪ್ಯಾರಿಸ್‌ಗೆ ಬಂದು ಮತ್ತೆ ಚಿನ್ನ ಗೆದ್ದರು. ಇದನ್ನು ಮಕ್ಕಳ ಜೊತೆ ಮಾತಾಡಲು ಬಳಸಿಕೊಳ್ಳಿ. ಆಡದವರಿಗೆ ಸ್ಕೋರ್ ಬರೆಯುವ ಕೆಲಸ ಕೊಡಿ, ಮನೆಗೆ ಮಾತ್ರ ಕಳಿಸಬೇಡಿ.

ನಿಮ್ಮ ಕೈ ಮೀರಿದಾಗ

ಮೆಂಟರ್ ವೈದ್ಯರಲ್ಲ. ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಗೆಳೆಯರನ್ನೇ ದೂರ ಮಾಡುತ್ತಿದ್ದರೆ, ಮೈಮೇಲೆ ತಾನೇ ಮಾಡಿಕೊಂಡ ಗಾಯ ಕಂಡರೆ ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ಹತ್ತಿರ ಕಳಿಸಲೇಬೇಕು. ‘ಸಾಯಬೇಕು ಅನ್ನಿಸ್ತಿದೆಯಾ?’ ಅಂತ ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತೆ ಆಗುತ್ತದೆ ಅನ್ನುವುದು ತಪ್ಪು ನಂಬಿಕೆ. ಕೇಳಿ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಆಗಲೇ ಸಹಾಯ ಕರೆಯಿರಿ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ‘ನಿನ್ನ ಜೀವಕ್ಕೆ ತೊಂದರೆ ಅನ್ನಿಸಿದರೆ ಒಬ್ಬರಿಗೆ ಹೇಳಲೇಬೇಕಾಗುತ್ತೆ, ಹೇಳುವಾಗ ನೀನೂ ಜೊತೆಗಿರ್ತೀಯ’ ಅನ್ನಿ. ಸಹಾಯವಾಣಿಯ ಮತ್ತು ವೈದ್ಯರ ನಂಬರ್ ಮೊದಲ ದಿನವೇ ಎಲ್ಲ ಮೆಂಟರ್‌ಗಳ ಫೋನಿನಲ್ಲಿ ಇರಲಿ.

ಬಿಟ್ಟು ಹೋಗುವಾಗ

ಕೆಲಸವೋ ಓದೋ, ಮೆಂಟರ್ ಒಂದಲ್ಲ ಒಂದು ದಿನ ಹೊರಡಬೇಕಾಗಬಹುದು. ಕನಿಷ್ಠ ಒಂದು ತಿಂಗಳು ಮೊದಲೇ ಮಕ್ಕಳಿಗೆ ತಾವೇ ಹೇಳಲಿ. ಕಾರಣವನ್ನೂ ಹೇಳಲಿ. ಇಲ್ಲದಿದ್ದರೆ ಕೆಲವು ಮಕ್ಕಳು ತಮ್ಮಿಂದಲೇ ಹೋದರು ಅಂದುಕೊಳ್ಳುತ್ತಾರೆ. ಮುಂದೆ ಬರುವವರನ್ನು ಮೈದಾನಕ್ಕೇ ಕರೆತಂದು, ಮೂರ್ನಾಲ್ಕು ವಾರ ಇಬ್ಬರೂ ಒಟ್ಟಿಗೆ ಆಡಿಸಲಿ. ‘ಹತ್ತಕ್ಕೆ ಎಷ್ಟು’ ಅಂತ ಕೇಳುವ ಕೆಲಸವನ್ನು ಎರಡನೇ ವಾರದಿಂದ ಹೊಸಬರಿಗೆ ಬಿಟ್ಟುಕೊಡಬಹುದು.