ಕಾರ್ಪೆಟ್‌ಗೆ ಇಳಿದ ನಾಯಿ ಉಚ್ಚೆ: ವಾಸನೆ ಹೋಯಿತು, ಕಲೆ ಪೂರ್ತಿ ಹೋಗಲಿಲ್ಲ

ಬೇಸಿಗೆಯಲ್ಲಿ ಮೂಗಿಗೆ ಬಾರದ ವಾಸನೆ ಮಳೆ ಶುರುವಾದ ಕೂಡಲೇ ಎದ್ದು ಬರುತ್ತದೆ. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ಗೋಡೆಯೂ ತೇವ, ಹಾಸಿಗೆಯೂ ತೇವ. ಮಾಳಮಡ್ಡಿಯಲ್ಲಿರುವ ನನ್ನ ತವರುಮನೆಯ ಹಾಲ್‌ನ ಕಾರ್ಪೆಟ್ ಆಗೆಲ್ಲ ನಾರುತ್ತಿತ್ತು. ಅವ್ವ ಫಿನೈಲ್ ಹಾಕಿ ಒರೆಸುತ್ತಿದ್ದಳು. ಅದರ ಘಾಟು ಇಳಿದ ಮೇಲೆ ಮತ್ತೆ ಅದೇ ನಾತ. ನಾಯಿಯೂ ಮತ್ತೆ ಅದೇ ಮೂಲೆಗೆ ಹೋಗುತ್ತಿತ್ತು.

ಕಾರಣ ಸರಳ. ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡುತ್ತವೆ. ಒಣಗಿ ಉಳಿದ ಉಪ್ಪಿನಂಶ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ವಾಸನೆ ಮತ್ತೆ ಏಳುತ್ತದೆ. ಎಲ್ಲಕ್ಕೂ ಯೂರಿಕ್ ಆಮ್ಲದ ಹರಳೇ ಕಾರಣ ಅಂತ ಹೇಳುವವರಿದ್ದಾರೆ. ಆದರೆ ನಾಯಿಗಳಲ್ಲಿ ಅದರ ಬಹುಪಾಲು ಅಲಾಂಟೋಯಿನ್ ಎಂಬ ಬೇರೆ ವಸ್ತುವಾಗಿ ಹೊರಗೆ ಬರುತ್ತದೆ, ಅದು ನೀರಿನಲ್ಲಿ ಹೆಚ್ಚು ಸುಲಭವಾಗಿ ಕರಗುತ್ತದೆ. ಡಾಲ್ಮೇಷಿಯನ್ ತಳಿ ಇದಕ್ಕೆ ಹೊರತು.

ಹಾಗಾಗಿ ಬಿಸಿಲು ಚೆನ್ನಾಗಿರುವ ಕಾಲ ನೋಡಿಕೊಂಡೇ ಕೆಲಸಕ್ಕೆ ಇಳಿದೆ. ಮೊದಲು ಕಲೆ ಎಲ್ಲೆಲ್ಲಿದೆ ಅಂತ ತಿಳಿಯಬೇಕಲ್ಲ. ರಾತ್ರಿ ದೀಪ ಆರಿಸಿ ಯುವಿ ಟಾರ್ಚ್ ಬಿಟ್ಟೆ. "ಕತ್ತಲ್ಯಾಗ ಏನ ಹುಡುಕಲಿಕ್ಕೆ ಹತ್ತಿ?" ಅಂತ ಅವ್ವ ಬಂದು ನಿಂತಳು. ಉಚ್ಚೆ ಬಿದ್ದ ಜಾಗ ಮಂಕು ಹಳದಿ ಹಸಿರಾಗಿ ಕಾಣುತ್ತದೆ. ನೀಲಿ ಬಿಳಿಯಾಗಿ ಹೊಳೆಯುವುದು ಬಹಳ ಸಲ ಸೋಪಿನ ಪುಡಿಯ ಉಳಿಕೆ, ಅದಕ್ಕೆ ಹೆದರಬೇಡಿ. ಸುತ್ತಲೂ ಸೀಮೆಸುಣ್ಣದ ಗೆರೆ ಹಾಕಿದೆ. ಕಾರ್ಪೆಟ್ ಮಗುಚಿ ನೋಡಿದರೆ ಹಿಂಬದಿಯ ಕಲೆ ಮೇಲಿನದಕ್ಕಿಂತ ಬಹಳ ದೊಡ್ಡದು. ಬರೀ ಮೇಲೆ ಒರೆಸಿದರೆ ಏನೂ ಆಗದಿರುವುದು ಇದಕ್ಕೇ.

ನಳಕ್ಕೆ ನೀರು ಬರುವ ದಿನವೇ ಶುರು ಮಾಡಿದೆ. ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಣ್ಣೀರು ಸುರಿದು, ಹಳೆಯ ಟವೆಲ್ ಹಾಸಿ, ಅದರ ಮೇಲೆ ನಿಂತು ನೀರು ಹಿಂಡಿದೆ. ಉಜ್ಜಲಿಲ್ಲ, ಉಜ್ಜಿದರೆ ದಾರ ಬಿಚ್ಚಿಕೊಳ್ಳುತ್ತದೆ. ಫಿನೈಲ್, ಸೋಪು ಪೂರ್ತಿ ಹೋಗುವವರೆಗೂ ಇದೇ ಕೆಲಸ. ಇದನ್ನು ಬಿಟ್ಟರೆ ಮುಂದಿನದಕ್ಕೆ ಹಾಕಿದ ದುಡ್ಡು ದಂಡ.

ಮುಂದಿನದು ಎಂಜೈಮ್ ಕ್ಲೀನರ್, ಅಂದರೆ ಉಚ್ಚೆಯ ಅಂಶವನ್ನು ಒಡೆದುಹಾಕುವ ದ್ರಾವಣ. ಸಾಕುಪ್ರಾಣಿಗಳ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಕೆಲವದರಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತವೆ, ಫಿನೈಲ್ ತಾಗಿದರೆ ಸತ್ತೇಹೋಗುತ್ತವೆ. ಜನ ಇದನ್ನು ಸುಮ್ನೆ ಸ್ಪ್ರೇ ಮಾಡಿ ಒರೆಸಿಬಿಡುತ್ತಾರೆ, ಆಮೇಲೆ ಕೆಲಸ ಮಾಡಲಿಲ್ಲ ಅಂತ ಬೈಯುತ್ತಾರೆ. ಉಚ್ಚೆ ಎಷ್ಟು ಆಳಕ್ಕೆ ಇಳಿದಿದೆಯೋ ಇದೂ ಅಷ್ಟು ಇಳಿಯಬೇಕು. ತೇವ ಇರುವಷ್ಟು ಹೊತ್ತು ಮಾತ್ರ ಇದರ ಆಟ. ಅದಕ್ಕೇ ಎರಡೂ ಬದಿಗೆ ಧಾರಾಳವಾಗಿ ಸುರಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ, ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಮಾಳಿಗೆ ಮೇಲೆ ಮಗುಚಿ ಒಣಹಾಕಿದೆ. ವಾಸನೆ ತಗ್ಗಿತ್ತು, ಹೋಗಿರಲಿಲ್ಲ. ಮತ್ತೆ ಹಾಕಿದೆ.

ಕಾರ್ಪೆಟ್ ಕೆಳಗೆ ನಮ್ಮಲ್ಲಿ ಶಹಾಬಾದ್ ಕಲ್ಲು. ಅದೂ ಉಚ್ಚೆ ಹೀರಿಕೊಂಡಿತ್ತು. ವಿನೆಗರ್ ಹಾಕು ಅಂತ ಎಲ್ಲರೂ ಹೇಳುತ್ತಾರೆ. ಶಹಾಬಾದ್ ಸುಣ್ಣದ ಕಲ್ಲು ಕಣ್ರೀ, ಹುಳಿ ಬಿದ್ದರೆ ಹೊಳಪು ತಿಂದುಹಾಕುತ್ತದೆ. ನಾನು ಕಲ್ಲಿಗೂ ಸಂದುಗಳಿಗೂ ಅದೇ ಎಂಜೈಮ್ ಹಾಕಿದೆ. ಬ್ಲೀಚಿಂಗ್ ಪೌಡರ್ ಅಂತೂ ಬೇಡವೇ ಬೇಡ. ಉಚ್ಚೆಯ ಅಮೋನಿಯಾ ಜೊತೆ ಕ್ಲೋರಿನ್ ಸೇರಿದರೆ ಕ್ಲೋರಮೈನ್ ಎಂಬ ವಿಷದ ಗಾಳಿ ಹುಟ್ಟುತ್ತದೆ.

ಬಣ್ಣದ ಕಲೆಗೆ ಕೈ ಹಾಕಿದ್ದು ವಾಸನೆ ಪೂರ್ತಿ ಹೋದ ಮೇಲೆ. ಮೆಡಿಕಲ್ ಅಂಗಡಿಯ 6% ಹೈಡ್ರೋಜನ್ ಪೆರಾಕ್ಸೈಡ್‌ಗೆ ಅಷ್ಟೇ ನೀರು ಬೆರೆಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿದೆ. ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ, ಇದು ಬಣ್ಣವನ್ನೂ ತೆಗೆಯಬಲ್ಲದು. ಬೆರೆಸಿದ್ದನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿಯಬೇಡಿ, ಗಾಳಿ ತುಂಬಿ ಸಿಡಿಯಬಹುದು. ಹಳದಿ ಬಹುಪಾಲು ಹೋಯಿತು. ನಡುವೆ ಒಂದು ಕಡೆ ಉಚ್ಚೆಯೇ ಕಾರ್ಪೆಟ್‌ನ ಬಣ್ಣ ತಿಂದಿತ್ತು. ಅಂಥದ್ದಕ್ಕೆ ಯಾವ ಔಷಧವೂ ಇಲ್ಲ. ಟೀಪಾಯಿ ಎಳೆದು ಅದರ ಮೇಲಿಟ್ಟೆ.

ಇಷ್ಟೆಲ್ಲ ಸಿಂಥೆಟಿಕ್ ಕಾರ್ಪೆಟ್‌ನ ಮಾತು. ಉಣ್ಣೆಯದಾದರೆ ಎಂಜೈಮ್ ಕ್ಲೀನರ್‌ನಲ್ಲಿರುವ, ಪ್ರೋಟೀನ್ ಒಡೆಯುವ ಪ್ರೋಟಿಯೇಸ್ ಉಣ್ಣೆಯನ್ನೇ ಹಾಳು ಮಾಡಬಹುದು, ಬಾಟಲಿ ಮೇಲೆ ಬರೆದದ್ದನ್ನು ಓದಿ. ಮನೆಯಲ್ಲಿ ನವಲಗುಂದದ ಜಮಖಾನವೂ ಒಂದಿತ್ತು, ಹತ್ತಿ ನೂಲಿನದು. ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿದರೆ ಕೆಂಪು ಬಣ್ಣ ಬಿಟ್ಟಿತು. ಅದಕ್ಕೆ ಪೆರಾಕ್ಸೈಡ್ ಸೋಕಿಸಲಿಲ್ಲ. ಅಂಚಿನ ಸಣ್ಣ ಕಲೆಗಷ್ಟೇ ತಣ್ಣೀರು ಒತ್ತಿ ತೆಗೆದು, ನೆರಳಲ್ಲಿ ಒಣಗಿಸಿದೆ.

ಇನ್ನೊಂದು ಮಾತು. ಹೊರಗೆ ಹೋಗುವ ರೂಢಿಯಿದ್ದ ನಾಯಿ ಮನೆಯೊಳಗೇ ಶುರುಮಾಡಿದರೆ ಬರೀ ಹಟ ಅಂತ ಬೈಯಬೇಡಿ. ನಮ್ಮದಕ್ಕೆ ಮೂತ್ರದ ಸೋಂಕು ಆಗಿತ್ತು. ವೈದ್ಯರು ಕೊಟ್ಟ ಗುಳಿಗೆ ಮುಗಿದು, ನಾಯಿ ಮೊದಲಿನಂತೆ ಹಿತ್ತಲಿಗೆ ಹೋಗತೊಡಗಿದ ಮೇಲೆಯೇ ಕಾರ್ಪೆಟ್ ಮತ್ತೆ ಹಾಸಿದ್ದು.