ಆಮಿಶ್ ಬಡಗಿಗೆ ಮೇಜು ಹೇಳುವ ಮುನ್ನ

ಫಿಲಡೆಲ್ಫಿಯಾದಿಂದ ಪಶ್ಚಿಮಕ್ಕೆ ಸುಮಾರು 70 ಮೈಲಿ ಹೋದರೆ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿ. ಒಹಾಯೊದವರಿಗೆ ಹೋಮ್ಸ್ ಕೌಂಟಿ, ಇಂಡಿಯಾನಾದವರಿಗೆ ಎಲ್ಕ್‌ಹಾರ್ಟ್ ಮತ್ತು ಲಗ್ರೇಂಜ್. ಕಾರು, ಹೊರಗಿನ ಕರೆಂಟು ಬೇಡವೆಂದು ಹಳೆಯ ಸರಳ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡ ಆಮಿಶರದು; ಅವರ ದೊಡ್ಡ ನೆಲೆಗಳು ಈ ಮೂರು. ಗಟ್ಟಿ ಮರದ ಊಟದ ಮೇಜು, ದೇವರ ಮಂಟಪ, ಹಿತ್ತಲಿಗೊಂದು ಶೆಡ್ ಬೇಕಾದಾಗ ಅಮೆರಿಕದಲ್ಲಿರುವ ನಮ್ಮವರೂ ಆ ಕಡೆ ಕಾರು ತಿರುಗಿಸುತ್ತಾರೆ. ಮರದ ಬಗ್ಗೆ ದೂರು ಅಪರೂಪ. ಎಡವಟ್ಟಾಗುವುದು ಫೋನು, ದಿನ, ಅಳತೆ ಈ ಮೂರರಲ್ಲಿ.

ಮೊದಲು ಕಟ್ಟಳೆಯ ಮಾತು. ಅವರ ಭಾಷೆಯಲ್ಲಿ ಅದು ‘ಓರ್ಡ್‌ನುಂಗ್’. ಸುಮಾರು 20ರಿಂದ 40 ಕುಟುಂಬ ಸೇರಿ ಒಂದು ಸಭೆ. ಅದಕ್ಕೊಬ್ಬ ಬಿಷಪ್, ಇಬ್ಬರೋ ಮೂವರೋ ಬೋಧಕರು, ಸಭೆಯ ನೆರವಿನ ಕೆಲಸ ನೋಡುವ ಒಬ್ಬ ಡೀಕನ್. ಇವರಿಗೆ ಸಂಬಳವಿಲ್ಲ, ಚೀಟಿ ಎತ್ತಿ ಆರಿಸುತ್ತಾರೆ: ಸಾಲಾಗಿಟ್ಟ ಹಾಡಿನ ಪುಸ್ತಕಗಳಲ್ಲಿ ಒಂದರೊಳಗೆ ಚೀಟಿ ಇರುತ್ತದೆ, ಆ ಪುಸ್ತಕ ಯಾರ ಕೈಗೆ ಬಂತೋ ಅವರ ಹೆಗಲಿಗೆ ಜೀವಮಾನದ ಹೊಣೆ. ಏನು ಸಲ್ಲುತ್ತದೆ, ಏನು ಸಲ್ಲದು ಎನ್ನುವುದು ಸಭೆಯಿಂದ ಸಭೆಗೆ ಬೇರೆ. ಹಾಗಾಗಿ ‘ಪಕ್ಕದ ಅಂಗಡಿಯವರು ಕಾರ್ಡ್ ತಗೊಂಡರಲ್ಲ’ ಎಂದು ವಾದಿಸಿ ಫಲವಿಲ್ಲ. ನಗದು ಅಥವಾ ಚೆಕ್ ಜೊತೆಗಿರಲಿ. ಚೌಕಾಶಿ ಬೇಡ.

ಕರೆಂಟಿಲ್ಲ ಎಂದ ಮಾತ್ರಕ್ಕೆ ಎಲ್ಲ ಉಳಿಯಲ್ಲೇ ಕೆತ್ತುತ್ತಾರೆ ಎಂದುಕೊಳ್ಳಬೇಡಿ. ಬೇಡವೆನ್ನುವುದು ಮುಖ್ಯವಾಗಿ ಹೊರಗಿನ ಗ್ರಿಡ್‌ನ ತಂತಿಯನ್ನು. ಬಹಳಷ್ಟು ಕಾರ್ಖಾನೆಗಳ ಹಿಂದೆ ಡೀಸೆಲ್ ಎಂಜಿನ್ ಗುಡುಗುತ್ತಿರುತ್ತದೆ; ಅದು ತುಂಬಿಸಿದ ಒತ್ತಡದ ಗಾಳಿ, ಹೈಡ್ರಾಲಿಕ್ ಎಣ್ಣೆಗಳಿಂದ ಗರಗಸ, ಪ್ಲೇನರ್, ಸ್ಯಾಂಡರ್ ಓಡುತ್ತವೆ. ‘ಆಮಿಶ್’ ಎಂಬ ಬೋರ್ಡಿಗೂ ಮರುಳಾಗಬೇಡಿ. ಹೆದ್ದಾರಿ ಪಕ್ಕದ ಎಷ್ಟೋ ಶೋರೂಮುಗಳ ಮಾಲೀಕರು ಆಮಿಶರಲ್ಲ. ತಪ್ಪೇನಿಲ್ಲ, ಆದರೆ ಮೇಜು ಯಾವ ಕಾರ್ಖಾನೆಯದು, ಪೂರ್ತಿ ಗಟ್ಟಿ ಮರವೋ ಮೇಲೆ ತೆಳು ಮರದ ಹಾಳೆ ಅಂಟಿಸಿದ ವೆನೀರೋ ಎಂದು ಕೇಳಿ, ರಸೀದಿಯಲ್ಲಿ ಬರೆಸಿಕೊಳ್ಳಿ.

ಫೋನು ಮನೆಯೊಳಗಿರುವುದಿಲ್ಲ. ಕಾರ್ಖಾನೆಯಲ್ಲೋ ದಾರಿಯಂಚಿನ ಪುಟ್ಟ ಗೂಡಿನಲ್ಲೋ ಇರುತ್ತದೆ. ಎರಡು ಮೂರು ಮನೆಗೆ ಒಂದೇ ಆಗಿರಬಹುದು. ಉತ್ತರ ಹೇಳುವುದು ಯಂತ್ರ. ದಿನಕ್ಕೆ ಒಂದೆರಡು ಸಲ ಬಂದು ಕೇಳಿಸಿಕೊಂಡು ಕಾಗದದಲ್ಲಿ ಗೀಚಿಕೊಳ್ಳುತ್ತಾರೆ. ಅಲ್ಲಿ ‘ಹಾಯ್, ದಿಸ್ ಈಸ್ ಶ್ರೀನಿವಾಸಮೂರ್ತಿ, ಕಾಲ್ ಮಿ’ ಎಂದು ಒಂದೇ ಉಸಿರಿಗೆ ಹೇಳಿಟ್ಟರೆ ಹೆಸರೂ ದಕ್ಕದು, ನಂಬರೂ ದಕ್ಕದು. ಚಿಕ್ಕ ಹೆಸರು ಹೇಳಿ, ಅಕ್ಷರ ಬಿಡಿಸಿ ಹೇಳಿ. ನಂಬರನ್ನು ನಿಧಾನವಾಗಿ ಎರಡು ಸಲ. ಏನು ಬೇಕು, ಎಷ್ಟು ಹೊತ್ತಿಗೆ ಮನೆಯಲ್ಲಿರುತ್ತೀರಿ ಎಂಬುದನ್ನೂ ಸೇರಿಸಿ. ಮರುಕರೆ ಬೆಳಗಿನ ಜಾವ ಬಂದರೂ ಬರಬಹುದು, ಗೊತ್ತಿಲ್ಲದ ನಂಬರೆಂದು ಬಿಟ್ಟರೆ ಮತ್ತೆ ಮೊದಲಿಂದ. ಕಾಗದ ಬರೆಯುವುದು ಈಗಲೂ ನಡೆಯುತ್ತದೆ, ಆದರೆ ವಿಳಾಸ ಪೂರ್ತಿ ಇರಬೇಕು: ಲ್ಯಾಂಕಾಸ್ಟರಿನಲ್ಲಿ ಸ್ಟಾಲ್ಟ್ಸ್‌ಫಸ್, ಹೋಮ್ಸ್‌ನಲ್ಲಿ ಯೋಡರ್, ಮಿಲ್ಲರ್ ಹೆಜ್ಜೆಗೊಬ್ಬರು. ಅವರವರಲ್ಲೇ ಗುರುತಿಗೆ ಅಡ್ಡಹೆಸರು ಬೇಕಾಗುತ್ತದೆ.

ಭಾನುವಾರ ಹೋಗಲೇಬೇಡಿ. ವಾರ ಬಿಟ್ಟು ವಾರ ಯಾರದಾದರೂ ಮನೆಯಲ್ಲಿ ಪ್ರಾರ್ಥನೆ, ನಡುವಿನ ಭಾನುವಾರ ನೆಂಟರ ಮನೆ. ಈಸ್ಟರ್ ಸೋಮವಾರ, ಮೇ ಅಥವಾ ಜೂನ್ ತಿಂಗಳ ಅಸೆನ್ಷನ್ (ಯೇಸು ಸ್ವರ್ಗಕ್ಕೇರಿದ ದಿನದ) ಗುರುವಾರ, ಡಿಸೆಂಬರ್ 26 ಇವೂ ಲ್ಯಾಂಕಾಸ್ಟರಿನಲ್ಲಿ ರಜೆ. ಸುಗ್ಗಿ ಮುಗಿದ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲವರೆಗೆ ಅಲ್ಲಿ ಮದುವೆಯ ಕಾಲ, ಮಂಗಳವಾರ ಮತ್ತು ಗುರುವಾರ. ಒಂದೊಂದಕ್ಕೂ ಮುನ್ನೂರು ನಾನ್ನೂರು ಜನ, ಬಡಗಿಯೂ ಅಲ್ಲೇ ಇರುತ್ತಾನೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೇಜು ಬೇಕಿದ್ದರೆ ಜುಲೈನಲ್ಲೇ ಹೇಳಿ. ಇನ್ನು, ಯಾರದಾದರೂ ಕಣಜದ ಮನೆ ಸುಟ್ಟುಹೋದರೆ ಮತ್ತೆ ಕಟ್ಟಿಕೊಡಲು ಎಲ್ಲರೂ ಕೆಲಸ ಬಿಟ್ಟು ಓಡುತ್ತಾರೆ. ನಮ್ಮ ಹಳ್ಳಿಯ ಮುಯ್ಯಾಳು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸಾಮಾನ್ಯವಾಗಿ ವಿಮೆ ಮಾಡಿಸದವರಿಗೆ ಅದೇ ವಿಮೆ. ಹೇಳಿದ ದಿನಕ್ಕೆ ಎರಡು ವಾರ ಸೇರಿಸಿಯೇ ಲೆಕ್ಕ ಹಾಕಿ.

ಆರ್ಡರ್ ಚೀಟಿಗೆ ಬಂದರೆ, ಮರದ ಜಾತಿ, ಬಣ್ಣದ ಸಂಖ್ಯೆ, ಉದ್ದ-ಅಗಲ-ಎತ್ತರ ಇಂಚಿನಲ್ಲಿ, ಎಷ್ಟು ಎಲೆ, ಮುಂಗಡ, ಸಾಗಣೆ ಯಾರದು ಎಲ್ಲವೂ ಅದರಲ್ಲಿರಬೇಕು. ‘ಎಲೆ’ ಎಂದರೆ ಮೇಜನ್ನು ಹಿಗ್ಗಿಸುವ ಹಲಗೆ, ಸಾಮಾನ್ಯವಾಗಿ ಒಂದೊಂದು 12 ಇಂಚು. ಹೊರಡುವ ಮುನ್ನ ಮನೆ ಬಾಗಿಲ ಅಗಲ, ಮೆಟ್ಟಿಲ ತಿರುವು ಅಳೆದುಕೊಳ್ಳಿ. ತೋಳಿರುವ ಕುರ್ಚಿಯಾದರೆ ತೋಳಿನ ಎತ್ತರ ಮೇಜಿನ ಕೆಳಪಟ್ಟಿಗೆ ತಾಗುತ್ತದೆಯೇ ನೋಡಿ. ಬಹಳ ಜನ ಮರೆಯುವುದು ಇದನ್ನೇ.

ಬಣ್ಣವನ್ನು ನಿಮಗೆ ಬೇಕಾದ ಮರದ ತುಂಡಿನ ಮೇಲೇ ನೋಡಿ. ಓಕ್ ಮೇಲೆ ಕಂಡ ಬಣ್ಣ ಮೇಪಲ್ ಮೇಲೆ ಬೇರೆಯೇ. ಚೆರ್ರಿ ಬೆಳಕಿಗೆ ಕೆಂಪಾಗುತ್ತಾ ಹೋಗುತ್ತದೆ. ಎಲೆಯನ್ನು ಕತ್ತಲ ಕಪಾಟಿನಲ್ಲಿಟ್ಟು ಯುಗಾದಿಗೆ ತೆಗೆದು ಕೂಡಿಸಿದರೆ ತಿಳಿಬಣ್ಣದ ಪಟ್ಟಿ ಎದ್ದು ಕಾಣುತ್ತದೆ. ಮೊದಲ ಕೆಲವು ತಿಂಗಳು ಅದನ್ನೂ ಹಾಕಿಯೇ ಇಡಿ. ಚಳಿಗಾಲದ ಹೀಟರಿಗೆ ಗಾಳಿ ಒಣಗಿ ಮರ ಕುಗ್ಗುತ್ತದೆ, ಹಲಗೆಯ ಸಂದು ಬಿಡುತ್ತದೆ. ಆರ್ದ್ರತೆ 35ರಿಂದ 45 ಶೇಕಡಾ ಇದ್ದರೆ ಕ್ಷೇಮ. ಅರಿಶಿನ ಬಿದ್ದರೆ ತಕ್ಷಣ ಒರೆಸಿ, ತಿಳಿಬಣ್ಣದ ಮೇಪಲ್‌ನಲ್ಲಿ ಕಲೆ ಬೇಗ ಕಾಣುತ್ತದೆ. ದೇವರ ಮಂಟಪಕ್ಕೆ ಸಾದಾ ನಕ್ಷೆ ಕೊಡಿ; ವಿಗ್ರಹದ ಕೆತ್ತನೆ ಕೇಳದಿರುವುದೇ ಲೇಸು. ದೀಪವಿಡುವ ಜಾಗಕ್ಕೆ ಕಲ್ಲಿನ ಹಲಗೆ ಕೂರಿಸಲು ತಗ್ಗು ಬಿಡಿಸಿ.

ಶೆಡ್ ಆದರೆ ಪರವಾನಗಿ ಊರಾಡಳಿತದಿಂದ ತರುವುದು ನಿಮ್ಮ ಕೆಲಸ, ಅವರದಲ್ಲ. ಕೆಳಗೆ 4ರಿಂದ 6 ಇಂಚು ಜಲ್ಲಿ, ಶೆಡ್ಡಿಗಿಂತ ಸುತ್ತ ಒಂದಡಿ ಹೆಚ್ಚು. ಜಲ್ಲಿ ಸಮವಿಲ್ಲದಿದ್ದರೆ ಒಂದೇ ವರ್ಷದಲ್ಲಿ ಬಾಗಿಲು ಕಚ್ಚಿಕೊಳ್ಳುತ್ತದೆ. ಮನೆಗೇ ರಿಪೇರಿಗೆ ಕರೆಯುವುದಾದರೆ, ಪೆನ್ಸಿಲ್ವೇನಿಯಾದಲ್ಲಿ ವರ್ಷಕ್ಕೆ 5,000 ಡಾಲರ್ ಮತ್ತು ಮೇಲ್ಪಟ್ಟ ಮನೆ ಕೆಲಸ ಮಾಡುವವರು ಅಟಾರ್ನಿ ಜನರಲ್ ಕಚೇರಿಯಲ್ಲಿ ನೋಂದಾಯಿಸಿರಬೇಕು, ಆಮಿಶರಿಗೂ ವಿನಾಯಿತಿಯಿಲ್ಲ. ಆ ಸಂಖ್ಯೆ ಕರಾರಿನ ಮೇಲಿರಲಿ. ಅವರು ತೆರಿಗೆ ಕಟ್ಟುವುದಿಲ್ಲ ಎಂಬುದೂ ಗಾಳಿಮಾತು. ಆದಾಯ, ಆಸ್ತಿ, ಮಾರಾಟ ತೆರಿಗೆ ಎಲ್ಲ ಕಟ್ಟುತ್ತಾರೆ. ಸ್ವಂತ ಕಸುಬಿನವರಿಗೆ 1965ರ ಕಾನೂನಿನಿಂದ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ತೆರಿಗೆ ಮಾತ್ರ ಬಿಡುವಿದೆ, ಅದರ ಸೌಲಭ್ಯವನ್ನೂ ಅವರು ಬಿಟ್ಟುಕೊಡಬೇಕು.

ಕಾರ್ಖಾನೆಯಲ್ಲಿ 14ರ ಹುಡುಗ ಕಸ ಗುಡಿಸುತ್ತಿದ್ದರೆ ಗಾಬರಿಯಾಗಬೇಡಿ. ಎಂಟನೇ ತರಗತಿಗೆ ಶಾಲೆ ಮುಗಿಸಲು ಅವರಿಗೆ 1972ರಲ್ಲಿ ಸುಪ್ರೀಂ ಕೋರ್ಟೇ ಅವಕಾಶ ಕೊಟ್ಟಿತು. ಕಾರ್ಮಿಕ ಕಾನೂನಿನ 2004ರ ತಿದ್ದುಪಡಿಯಿಂದ ಆ ಹುಡುಗರು ಮರದ ಕಾರ್ಖಾನೆಯಲ್ಲಿ ಹಿರಿಯರ ಕಣ್ಗಾವಲಿನಲ್ಲಿ ಇರಬಹುದು, ಯಂತ್ರ ಮುಟ್ಟುವಂತಿಲ್ಲ. ಅವನ ಫೋಟೋ ತೆಗೆಯಬೇಡಿ, ಮೇಜಿನದು ತೆಗೆಯಲು ಕೇಳಿದರೆ ಒಪ್ಪುತ್ತಾರೆ.

ಹಿಂದಿರುಗುವಾಗ ಮುಸ್ಸಂಜೆಯಾದರೆ ಏರುತಗ್ಗಿನ ರಸ್ತೆಯಲ್ಲಿ ಅವರ ಕುದುರೆಗಾಡಿಯ ಬೆನ್ನಿಗಿರುವ ಕಿತ್ತಳೆ ತ್ರಿಕೋನ ಹುಡುಕುತ್ತಾ ಬನ್ನಿ. ಕುದುರೆಗಾಡಿ ಗಂಟೆಗೆ 8 ಮೈಲಿ, ನೀವು 55. ನಡುವೆ 500 ಅಡಿ ಇದ್ದರೂ ಏಳೇ ಸೆಕೆಂಡಿಗೆ ಅದರ ಬೆನ್ನ ಮೇಲಿರುತ್ತೀರಿ. ಹಾರ್ನ್ ಹೊಡೆದರೆ ಕುದುರೆ ಬೆದರುತ್ತದೆ. ದಿಬ್ಬ ದಾಟಿ ಎದುರಿನ ರಸ್ತೆ ಪೂರ್ತಿ ಕಾಣುವವರೆಗೆ ಹಿಂದೆಯೇ ಇರಿ.